ರೊಪ್ಪಕ್ಕೆ ಒಗ್ಗದ ನಾಯಿ

ಐ.ಡಿ.ಹಳ್ಳಿಗೆ ಹೊಂದಿಕೊಂಡ ಗೊಲ್ಲರ ಹಟ್ಟಿಯಲ್ಲಿ ಕ್ಯಾತಮ್ಮನ ಬಾಯಿಗೆ ಹೆದರದವರಿರಲಿಲ್ಲ. ಆ ಹಟ್ಟಿಯ ಹೆಂಗಸರು ಮನೆಯ ಹತ್ತಿರ ಮರಿ ಸಾಕುತ್ತಿದ್ದರೇ ಹೊರತು ಮಂದೆಯ ಹಿಂದೆ ಹೋಗುತ್ತಿರಲಿಲ್ಲ. ಗಂಡ ಹುಚ್ಚಣ್ಣ ತೀರಿಕೊಂಡಾಗ ಕ್ಯಾತಮ್ಮ ಅವನ ಕೋಲು ಹಿಡಿದು, ಅವನ ಕರಿಕಂಬಳಿಯನ್ನು ಹೆಗಲಿಗೇರಿಸಿ, ಕುರಿ ಹೊಡೆದುಕೊಂಡು ಬೆಟ್ಟದ ಕಡೆ ನಡೆದೇಬಿಟ್ಟಳು. ಗಂಡಸರು ನಕ್ಕರು. ನಕ್ಕವರಿಗೆ ಆಕೆ ಕೊಟ್ಟ ಉತ್ತರವನ್ನು ಕಾಗದದ ಮೇಲೆ ಬರೆಯುವ ಹಾಗಿಲ್ಲ. ಆಮೇಲೆ ಯಾರೂ ನಗಲಿಲ್ಲ ಎಂದಷ್ಟೇ ಹೇಳಬಹುದು.

ಆಕೆ ಜಗಳವಾಡದ ಜೀವ ಅಂತ ಇದ್ದದ್ದು ಒಂದೇ, ಕೆಂಚ ಎಂಬ ನಾಯಿ. ಕಣ್ಣು ಬಿಡುವ ಮೊದಲೇ ತಂದು ಕುರಿಹಾಲು ಕುಡಿಸಿ ಸಾಕಿದ್ದಳು. ಮಂದೆ ತಿರುಗಿಸುವುದು, ತೋಳ ಬಂದರೆ ಎದುರು ನಿಲ್ಲುವುದು, ಮರದಡಿ ಇಟ್ಟ ಬುತ್ತಿ ಕಾಯುವುದು, ಎಲ್ಲವನ್ನೂ ಆಕೆಯೇ ಕಲಿಸಿದ್ದಳು. ಮಕ್ಕಳಿಲ್ಲದ ಹೆಂಗಸಿಗೆ ನಾಯಿಯ ಮೇಲೆ ಇಷ್ಟು ಪ್ರೀತಿಯೇ ಎಂದು ಜನ ಆಡಿಕೊಂಡರೆ, ಮಕ್ಕಳನ್ನು ಹೆತ್ತು ನೀವು ಉದ್ಧಾರವಾದದ್ದು ಕಾಣುತ್ತಿದೆಯಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಎಂಬತ್ತರ ದಶಕದ ಮೊದಲಲ್ಲಿ ಒಂದು ಮಳೆಗಾಲ ಕುರಿಗಳಿಗೆ ರೋಗ ಬಿತ್ತು. ಕ್ಯಾತಮ್ಮನ ಮಂದೆ ಪೂರ್ತಿ ನೆಲ ಕಚ್ಚಿತು. ಬೇಸಿಗೆಯ ಹೊತ್ತಿಗೆ ಹೊಟ್ಟೆಪಾಡಿಗಾಗಿ ಊರಿನ ಕಡಲೆಕಾಯಿ ಮಿಲ್ಲಿಗೆ ಕೂಲಿಗೆ ಹೋದಳು. ಕೆಂಚನೂ ಜೊತೆಗೆ ಹೋಯಿತು. ಮಿಲ್ಲಿನ ಮೇಸ್ತ್ರಿ ಜಹೀರ್ ಅಹಮದ್, "ನೀನು ಬಾರಮ್ಮ, ನಾಯಿ ಬ್ಯಾಡ. ಮೂಟೆ ಮುಟ್ಟಾಕೆ ಹೋದ್ರೆ ಹಮಾಲರ ಮೇಲೆ ಬೀಳ್ತದೆ," ಎಂದು ಹೊರಗೆ ಹಾಕಿಸಿದ.

ಮನೆಯಲ್ಲಿ ಕಟ್ಟಿದರೆ ಕೆಂಚ ಹಗ್ಗ ಕಡಿಯಿತು. ಕಾಯಲು ಕುರಿಯಿಲ್ಲದ ಅದು ಹಟ್ಟಿಯ ಕೋಳಿಗಳನ್ನು ಅಟ್ಟಿ ಒಂದು ಮೂಲೆಗೆ ಸೇರಿಸಿ ಕಾಯತೊಡಗಿತು. ಆಮೇಲೆ ಕರುಗಳನ್ನು. ಹಟ್ಟಿ ಯಜಮಾನ ಕದಿರಯ್ಯನ ಕರು ಮೂಲೆ ಸೇರಲು ಒಪ್ಪದಿದ್ದಾಗ ಅದರ ಹಿಂಗಾಲಿಗೆ ಬಾಯಿ ಹಾಕಿತು.

"ಹಗಲೊತ್ತು ಅದು ಯಾರದಾದ್ರೂ ವಶದಲ್ಲಿರ್ಬೇಕು ಕಣಮ್ಮ," ಎಂದ ಕದಿರಯ್ಯ. "ಇಲ್ಲ ಅಂದ್ರೆ ನಾನೇ ಬಡಿದು ಹಾಕುಸ್ತೀನಿ. ಆಮ್ಯಾಕೆ ನನ್ನ ಮೇಲೆ ಬಾಯಿ ಮಾಡ್ಬ್ಯಾಡ."

ಹಗಲು ನಾಯಿ ಬಿಡಲು ಹಟ್ಟಿಯಲ್ಲಿ ಇದ್ದದ್ದು ಒಂದೇ ಜಾಗ, ಗಿರಿಯಮ್ಮನ ರೊಪ್ಪ. ಮುಳ್ಳುಬೇಲಿ ಹಾಕಿದ ಆ ಕುರಿದೊಡ್ಡಿಯಲ್ಲಿ, ದೊಡ್ಡ ಕುರಿಗಳು ಮೇಯಲು ಹೋದಾಗ ಹಟ್ಟಿಯ ಎಳೆಮರಿಗಳೆಲ್ಲ ಉಳಿಯುತ್ತಿದ್ದವು. ಕೂಲಿಗೆ ಹೋಗುವವರು ತಮ್ಮ ನಾಯಿಗಳನ್ನೂ ಅಲ್ಲೇ ಬಿಡುತ್ತಿದ್ದರು. ನಾಯಿಗೊಂದು ಮುದ್ದೆ ಮನೆಯವರು ಕೊಟ್ಟರೆ ಸಾಕು. ರೊಪ್ಪದಲ್ಲಿ ಬಿದ್ದ ಹಿಕ್ಕೆಗೊಬ್ಬರವೇ ಗಿರಿಯಮ್ಮನ ಕೂಲಿ.

ಆದರೆ ಗಿರಿಯಮ್ಮ ಎಂದರೆ ಕ್ಯಾತಮ್ಮನ ಓರಗಿತ್ತಿ, ಮೈದುನನ ಹೆಂಡತಿ. ಇಬ್ಬರಿಗೂ ಮಾತು ಬಿಟ್ಟು ಕಾಲವಾಗಿತ್ತು. ಅಣ್ಣತಮ್ಮಂದಿರು ಬೇರೆಯಾದಾಗ ಗಿರಿಯಮ್ಮ ಬೆಲ್ಲ ತಿನ್ನಿಸಿ ಕೈಯಾರೆ ಬೆಳೆಸಿದ ಟಗರು ಕ್ಯಾತಮ್ಮನ ಪಾಲಿಗೆ ಬಂದಿತ್ತು. "ಪಾಲು ಅಂದ್ರೆ ಪಾಲು" ಎಂದು ಕ್ಯಾತಮ್ಮ ಅದರ ಕೊಂಬು ಹಿಡಿದು ಎಳೆದುಕೊಂಡೇ ಹೋಗಿದ್ದಳು. ಮಳೆಗಾಲದಲ್ಲಿ ರೋಗ ಬಂದಾಗ ಆ ಟಗರೂ ಸತ್ತಿತು. ಗಿರಿಯಮ್ಮ ಅಂದು ಒಲೆ ಹಚ್ಚಲಿಲ್ಲವಂತೆ.

ಅಂಥವಳ ಬಾಗಿಲಿಗೆ ಕ್ಯಾತಮ್ಮ ಹಲ್ಲು ಕಚ್ಚಿಕೊಂಡು ಹೋದಳು. ನೇರ ಮಾತಿಲ್ಲವಲ್ಲ, ನಾಯಿಗೆ ಹೇಳಿದಳು: "ಕೆಂಚ, ಇಲ್ಲಿ ಇರ್ಲಾ. ಹೊಟ್ಟೆಕಿಚ್ಚಿನೋರು ಇರ್ತಾರೆ, ಹುಷಾರು."

ಗಿರಿಯಮ್ಮ ಮಡಿಲಲ್ಲಿದ್ದ ಮರಿಗೆ ಹೇಳಿದಳು: "ನೋಡ್ಲಾ ಮರಿ, ತಾನು ಮುಟ್ಟಿದ್ದನ್ನೆಲ್ಲಾ ಸಾಯ್ಸಿ ಕೊನೆಗೊಂದು ನಾಯಿ ಉಳುಸ್ಕೊಂಡವ್ಳೆ. ಇರ್ಲಿ ಬುಡು. ನಾಯಿ ಏನು ಮಾಡ್ತು, ಪಾಪ."

ಮೊದಲ ದಿನ ಕೆಂಚ ಬೇಲಿ ಹಾರಿ ಮಿಲ್ಲಿಗೆ ಓಡಿಬಂತು. ಪಕ್ಕದ ಮನೆಯ ಪುಟ್ಟಕ್ಕ ಉಪಾಯ ಹೇಳಿದಳು: "ನಿನ್ನ ಮೈವಾಸನೆ ಇರೋದೇನಾದ್ರೂ ಅದರ ಹತ್ರ ಇಕ್ಕು. ಎಳೆಮಗೀಗೆ ತಾಯಿ ಸೀರೆ ಹಾಸಾಕಿಲ್ವಾ, ಅಂಗೆ." ಮಾರನೆಯ ಬೆಳಗ್ಗೆ ಕ್ಯಾತಮ್ಮ ರೊಪ್ಪದ ಮೂಲೆಯಲ್ಲಿ ತನ್ನ ಕರಿಕಂಬಳಿ ಹಾಸಿ, "ಇಲ್ಲೇ ಇರ್ಲಾ, ನೋಡ್ಕೊಂಡು," ಎಂದು ಹೊರಟಳು. ಕೆಂಚ ಅದರ ಮೇಲೆ ಮಲಗಿತು. ಅಂದು ಓಡಿಬರಲಿಲ್ಲ. ಕ್ಯಾತಮ್ಮ ಗೆದ್ದೆ ಎಂದುಕೊಂಡಳು.

ಆದರೆ ಸಂಜೆ ಕಂಬಳಿ ಎತ್ತಿಕೊಂಡು ಮನೆಗೆ ಕರೆತಂದರೆ ಕೆಂಚ ನೀರಿನ ಬಾನಿಗೆ ಮೂತಿಯಿಟ್ಟದ್ದು ತೆಗೆಯುತ್ತಿರಲಿಲ್ಲ. ನೀರು ಕುಡಿದು ಕುಡಿದು ಬಿದ್ದುಕೊಳ್ಳುತ್ತಿತ್ತು. ದಿನ ಕಳೆದಂತೆ ಪಕ್ಕೆಲುಬು ಕಾಣಿಸಿದವು. ಕ್ಯಾತಮ್ಮನಿಗೆ ಅನುಮಾನವೇ ಇರಲಿಲ್ಲ. ಟಗರಿನ ಸೇಡನ್ನು ಈ ಮೂಕಪ್ರಾಣಿಯ ಮೇಲೆ ತೀರಿಸುತ್ತಿದ್ದಾಳೆ ಆ ಹಾದರಗಿತ್ತಿ! ಕೊಟ್ಟ ಮುದ್ದೆಯನ್ನು ಬೇರೆ ನಾಯಿಗೆ ಹಾಕಿ, ನೀರೂ ಕೊಡದೆ, ಬಡಿಯುತ್ತಿದ್ದಾಳೆ. ಹಟ್ಟಿಗೆಲ್ಲ ಕೇಳಿಸುವಂತೆ ಬೇಲಿಗೆ ಬೈದಳು, ಕಲ್ಲಿಗೆ ಬೈದಳು.

ಅತ್ತ ಗಿರಿಯಮ್ಮನೂ ಮರಿಗಳ ಮುಂದೆ ದೂರು ಹೇಳುತ್ತಿದ್ದಳು. ಬೇರೆ ನಾಯಿಗಳು ಆಡಿಕೊಂಡಿರುತ್ತವೆ, ಇದೊಂದು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಹತ್ತಿರ ಹೋದ ಮರಿಯ ಕಿವಿ ಹರಿಯಿತು. ಒಂದು ಮಧ್ಯಾಹ್ನ ಗಿರಿಯಮ್ಮನ ಕೈಗೇ ಬಾಯಿ ಹಾಕಿತು. ಸುದ್ದಿ ಕೇಳಿ ಕದಿರಯ್ಯ ತೀರ್ಪು ಕೊಟ್ಟ: ಇದು ರೊಪ್ಪಕ್ಕೆ ಒಗ್ಗುವ ನಾಯಿಯಲ್ಲ, ಹಟ್ಟಿಗೂ ಅಲ್ಲ. ನಾಳೆ ಹಗ್ಗ ತರುತ್ತೇನೆ.

ಮಾರನೆಯ ದಿನ ಕ್ಯಾತಮ್ಮ ನಾಯಿಯನ್ನು ಎಂದಿನಂತೆ ರೊಪ್ಪಕ್ಕೆ ಬಿಟ್ಟಳು. ಮಿಲ್ಲಿಗೆ ಹೊರಟವಳಂತೆ ಹೊರಟು, ಸುತ್ತು ಹಾಕಿ ಬಂದು, ಬೇಲಿಯ ಹಿಂದಿನ ಬಳ್ಳಾರಿ ಜಾಲಿ ಪೊದೆಯಲ್ಲಿ ಅಡಗಿದಳು. ಗಿರಿಯಮ್ಮ ಕೋಲೆತ್ತುವುದನ್ನು ಕಣ್ಣಾರೆ ಕಂಡು, ಕದಿರಯ್ಯನ ಮುಂದೆಯೇ ಅವಳ ಮಾನ ಹರಾಜು ಹಾಕಬೇಕು. ಕೆಂಚ ಉಳಿಯಲು ಬೇರೆ ದಾರಿ ಆಕೆಗೆ ತೋಚಿರಲಿಲ್ಲ.

ಹೊತ್ತೇರಿತು. ಬೇವಿನ ಮರದ ನೆರಳು ಸರಿದು ಕಂಬಳಿ ಬಿಸಿಲಿಗೆ ಬಿತ್ತು. ಉಳಿದ ನಾಯಿಗಳು ನೆರಳು ಹುಡುಕಿ ಎದ್ದುಹೋದವು. ಕೆಂಚ ಏಳಲಿಲ್ಲ. ನಾಲಿಗೆ ಇಳಿಬಿಟ್ಟು ಏದುಸಿರು ಬಿಡುತ್ತಾ, ಅತ್ತ ನೀರಿನ ತೊಟ್ಟಿಯನ್ನೇ ನೋಡುತ್ತಾ ಬಿಸಿಲಲ್ಲೇ ಮಲಗಿತ್ತು.

ಗಿರಿಯಮ್ಮ ಕೋಲು ಹಿಡಿದೇ ಬಂದಳು. ಕ್ಯಾತಮ್ಮ ಮುಳ್ಳು ಸರಿಸಿ ಬಗ್ಗಿ ನೋಡಿದಳು. ಕೈಗೆ ಅರಿಶಿನದ ಬಟ್ಟೆ ಸುತ್ತಿಕೊಂಡಿದ್ದ ಗಿರಿಯಮ್ಮ ಮಡಕೆಯೊಂದನ್ನು ನೆಲಕ್ಕಿಟ್ಟು, ಕೋಲಿನಿಂದ ಅದನ್ನು ಮೆಲ್ಲಗೆ ನಾಯಿಯ ಕಡೆ ತಳ್ಳಿದಳು. "ಕುಡ್ಕೊಂಡು ಸಾಯ್ಲಾ. ನೆನ್ನೆ ಕಂಬ್ಳೀನ ನೆಳ್ಳಿಗೆ ಎಳೆಯಾಕೆ ಬಂದ್ರೆ ಕೈ ಕಡಿದೆ. ನಿಮ್ಮವ್ವನ ಬುದ್ಧೀನೇ ಬಂದೈತೆ ನಿಂಗೂ." ಕೆಂಚ ಗುರ್ರೆಂದು ಕೋಲಿಗೆ ಹಾರಿತು. ಮಡಕೆ ಉರುಳಿ ನೀರು ಮಣ್ಣಿಗೆ ಹೋಯಿತು. ನಾಯಿ ಒದ್ದೆ ಮಣ್ಣನ್ನು ನೋಡಿ, ಮತ್ತೆ ಕಂಬಳಿಯ ಮೇಲೆ ಹೋಗಿ ಕುಳಿತುಕೊಂಡಿತು.

ಆ ಕೂತ ರೀತಿ ಕ್ಯಾತಮ್ಮನಿಗೆ ಗೊತ್ತಿತ್ತು. ಬೆಟ್ಟದಲ್ಲಿ ಮರದಡಿ ಕಂಬಳಿ ಹಾಸಿ, ಬುತ್ತಿ ಇಟ್ಟು, "ನೋಡ್ಕೊಳ್ಲಾ" ಎಂದು ತಪ್ಪಿಸಿಕೊಂಡ ಕುರಿ ಹುಡುಕಿ ಹೋದರೆ, ಬರುವವರೆಗೂ ಕೆಂಚ ಹೀಗೆಯೇ ಕೂರುತ್ತಿತ್ತು. ಹಸಿದರೂ ಏಳಕೂಡದು, ಯಾರು ಬಂದರೂ ಬಿಡಕೂಡದು ಎಂದು ಕಲಿಸಿದ್ದು ಯಾರು? ಮಂದೆಯ ಹಿಂದೆ ಹೋಗದ ಗಿರಿಯಮ್ಮನಿಗಾಗಲಿ ಪುಟ್ಟಕ್ಕನಿಗಾಗಲಿ ಇದು ಗೊತ್ತಿರಲು ಸಾಧ್ಯವಿರಲಿಲ್ಲ. ಹಾಸಿಗೆ ಎಂದುಕೊಂಡು ತಾನು ದಿನಾ ಬೆಳಗ್ಗೆ ಕೊಟ್ಟು ಹೋಗುತ್ತಿದ್ದದ್ದು ಕಾವಲು.

ಅಷ್ಟರಲ್ಲಿ ಕದಿರಯ್ಯ ಇಬ್ಬರು ಆಳುಗಳ ಜೊತೆ, ಹಗ್ಗ ಬಡಿಗೆ ಹಿಡಿದು ಬಾಗಿಲಿಗೆ ಬಂದ. ಕ್ಯಾತಮ್ಮ ಸುತ್ತಿ ಬರುವಷ್ಟು ತಾಳದೆ ಮುಳ್ಳುಬೇಲಿಯನ್ನೇ ನುಗ್ಗಿದಳು. ಸೀರೆ ಹರಿಯಿತು, ತೋಳೆಲ್ಲ ಗೀರಿತು. ಯಾರ ಮುಖವನ್ನೂ ನೋಡದೆ ಹೋಗಿ ಕಂಬಳಿ ಎತ್ತಿ ಹೆಗಲಿಗೆ ಹಾಕಿಕೊಂಡಳು.

ಕೆಂಚ ಎದ್ದು ಮೈ ಕೊಡವಿತು. ನೆಟ್ಟಗೆ ತೊಟ್ಟಿಗೆ ಹೋಗಿ ನೀರು ಕುಡಿಯಿತು. ಕಿವಿ ಹರಿದ ಮರಿ ಪಕ್ಕದಲ್ಲೇ ಬಂದು ಮೂತಿಯಿಟ್ಟರೂ ಅದು ತಲೆಯೆತ್ತಲಿಲ್ಲ.

"ಏನಮ್ಮ ಇದು?" ಎಂದ ಕದಿರಯ್ಯ.

ಕ್ಯಾತಮ್ಮ ಅಭ್ಯಾಸಬಲದಿಂದ ಬೇಲಿಯ ಕಡೆ ತಿರುಗಿದಳು. ಬಾಯಿಗೆ ಬೈಗುಳ ಬಂತು, ಆದರೆ ಬೈಯಲು ಯಾರೂ ಉಳಿದಿರಲಿಲ್ಲ. ಆಳುಗಳು ಹಗ್ಗ ಬಿಚ್ಚುತ್ತಿದ್ದರು. ಆಕೆ ಗಿರಿಯಮ್ಮನ ಕಡೆ ತಿರುಗಿ, ಆ ಅರಿಶಿನದ ಬಟ್ಟೆಯನ್ನು ನೋಡುತ್ತಾ ನೇರವಾಗಿ ಹೇಳಿದಳು:

"ಗಿರಿಯಮ್ಮ, ನಾಯೀದು ತಪ್ಪಿಲ್ಲ. ಕಂಬ್ಳಿ ಹಾಸಿದ್ರೆ ಅದನ್ನ ಕಾಯ್ಬೇಕು ಅಂತ ನಾನೇ ಕಲ್ಸಿದ್ದೆ. ನಾನೇ ಹಾಸಿ ಹೋಗ್ತಿದ್ದೆ. ನಿನ್ನ ಕೈ ಕಚ್ಚಿದ್ದು ನಾನು ಅಂತ್ಲೇ ಇಟ್ಕೊ."

ಕೆಂಚ ತೊಟ್ಟಿ ಬಿಟ್ಟು, ಚದುರಿದ್ದ ಮರಿಗಳನ್ನು ಸುತ್ತುಹಾಕಿ ಒಂದೊಂದಾಗಿ ನೆರಳಿಗೆ ಸೇರಿಸುತ್ತಿತ್ತು. ಅದನ್ನು ನೋಡಿಕೊಂಡೇ ಗಿರಿಯಮ್ಮ ಕದಿರಯ್ಯನಿಗೆ ಹೇಳಿದಳು: "ಹಗ್ಗ ತಗೊಂಡ್ ಹೋಗಿ ಯಜಮಾನ್ರೇ. ನಾಯಿ ನನ್ನ ರೊಪ್ಪಕ್ಕೆ ಒಗ್ತದೆ."

ಆಮೇಲೆ ಕ್ಯಾತಮ್ಮನ ಮುಖ ನೋಡಿದಳು. "ನೀನು ಒಗ್ಗಲ್ಲ. ನಾಳೆಯಿಂದ ನಾಯಿ ಒಂದೇ ಬರ್ಲಿ, ಅದಕ್ಕೆ ದಾರಿ ಗೊತ್ತು. ನನ್ನ ಟಗರು ಎಳ್ಕೊಂಡು ಹೋದ ಕಾಲು ಈ ಬಾಗಿಲು ತುಳೀಬಾರ್ದು."

ಕ್ಯಾತಮ್ಮ ಬಾಗಿಲು ತುಳಿಯದೆ, ತಾನು ನುಗ್ಗಿ ಬಂದ ಬೇಲಿಯ ಕಂಡಿಯಲ್ಲೇ ಹೊರಗೆ ಹೋದಳು.

ಮಾರನೆಯ ಬೆಳಗ್ಗೆ ಆಕೆ ಹುಣಸೆಮರದ ತಿರುವಿನಲ್ಲಿ ನಿಂತಳು. ಉರಿಬಿಸಿಲ ಕಾಲದಲ್ಲೂ ಕಂಬಳಿ ಹೆಗಲ ಮೇಲೇ ಇತ್ತು. ನಾಯಿಯ ಕಣ್ಣೆದುರು ಅದನ್ನು ಮತ್ತೆಂದೂ ನೆಲಕ್ಕೆ ಹಾಕಲಿಲ್ಲ. "ಹೋಗ್ಲಾ," ಎಂದಳು. ಒಂದು ಸಲವಾದರೂ ನಿಂತು ತನ್ನ ಕಡೆ ನೋಡಬಹುದು ಎಂದು ಕಾದಳು. ಕೆಂಚ ರೊಪ್ಪದ ಕಡೆ ಓಡಿತು. ಬಾಗಿಲಲ್ಲಿ ಗಿರಿಯಮ್ಮ ಬಗ್ಗಿ, ಬಟ್ಟೆ ಸುತ್ತಿದ ಕೈಯಲ್ಲೇ ಅದಕ್ಕೊಂದು ಚೂರು ಬೆಲ್ಲ ತಿನ್ನಿಸುವುದು ದೂರದಿಂದ ಕಾಣಿಸಿತು.

"ನಿಯತ್ತಿಲ್ಲದ ನಾಯಿ," ಎಂದು ಜೋರಾಗಿ ಬೈದು, ಕ್ಯಾತಮ್ಮ ಮಿಲ್ಲಿನ ದಾರಿ ಹಿಡಿದಳು.