ಗಾಜಿನ ಹಿಂದಿನ ಬಾಂಬರ್

ಅತೀಂದ್ರಿಯ ಶಕ್ತಿ, ದಿವ್ಯದೃಷ್ಟಿ ಎಂದವರನ್ನು ಗೇಲಿ ಮಾಡುತ್ತಿದ್ದವನು ನಾನು. ಈಗಲೂ ಅಂಥದ್ದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಆದರೆ ಚಾಮರಾಜಪೇಟೆಯ ಒಂದು ಮಧ್ಯಾಹ್ನ ಕಣ್ಣಾರೆ ಕಂಡದ್ದನ್ನು ಯಾಕೆ ಮುಚ್ಚಿಡಲಿ? ನಗುವವರು ನಗಲಿ.

ತೊಂಬತ್ತರ ದಶಕದ ಮಾತು. ನನಗೆ ಹಳೆಯ ವಿಮಾನಗಳ ಹುಚ್ಚು. ಅದನ್ನು ಬಲ್ಲ ಸಹೋದ್ಯೋಗಿ ರತ್ನಾ ಒಂದು ಫೋಟೋ ನೋಡಿ ಹೇಳಿ ಎಂದು ಮನೆಗೆ ಕರೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರ ತಂದೆ ವಿಮಾನ ರಿಪೇರಿಯ ಫಿಟ್ಟರ್. ರಿಪೇರಿಯಾದ ಲಿಬರೇಟರ್ ಬಾಂಬರ್ ಒಂದರ ಪರೀಕ್ಷಾ ಹಾರಾಟಕ್ಕೆ ಹತ್ತಿದವರು ಅದು ಬಿದ್ದು ಮರಳಲಿಲ್ಲ, ದೇಹವೂ ಸಿಗಲಿಲ್ಲ ಎಂದು ತಾಯಿ ಹೇಳುತ್ತಿದ್ದರು. ತಂದೆಯ ತಮ್ಮ ಮಾತ್ರ, ಅಂದು ಬಿದ್ದದ್ದು ಬಾಂಬರ್ ಅಲ್ಲ, ಸಾಮಾನು ಸಾಗಿಸುವ ಡಕೋಟಾ, ಅಣ್ಣ ಅದರಲ್ಲಿರಲೇ ಇಲ್ಲ, ಯಾರ ಜೊತೆಗೋ ಓಡಿಹೋದ ಎಂದು ನೆಂಟರಿಗೆಲ್ಲ ಸಾರಿದ್ದರು. ಅಂದು ಬಿದ್ದ ವಿಮಾನದ ಫೋಟೋ ಆ ವಾರವಷ್ಟೇ ತಂದೆಯ ಹಳೆಯ ಸಂಗಡಿಗರೊಬ್ಬರಿಂದ ಸಿಕ್ಕಿತ್ತು, ಗಾಜಿನ ಚೌಕಟ್ಟಿನ ಸಮೇತ.

ಹೊಲದ ತುಂಬ ಸುಟ್ಟ ತಗಡು. ಬಾಲವೇ ಕಾಣಿಸಲಿಲ್ಲ. “ಡಕೋಟಾದ ಬಾಲಕ್ಕೆ ನಿಂತ ಹಲಗೆ ಒಂದೇ, ಲಿಬರೇಟರ್ ಬಾಂಬರಿಗೆ ಎರಡು. ಅದು ಕಾಣದೆ ಹೇಳೋಕಾಗಲ್ಲ” ಎಂದೆ. ರತ್ನಾರ ಮುಖ ಬಾಡಿತು. ಅಲ್ಲೇ ಕೂತಿದ್ದ ಚಿಕ್ಕಪ್ಪ ಸಣ್ಣಗೆ ನಕ್ಕರು.

ಪಕ್ಕದಲ್ಲಿದ್ದ ತಾಯಿ ಕೈಚಾಚಿ ಫೋಟೋ ಇಸಿದುಕೊಂಡರು. ಅವರಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು. ಗಾಜಿನ ಮೇಲೆ ಬೆರಳಾಡಿಸಿ, ಚಿತ್ರದ ಸುತ್ತಲಿನ ಕಪ್ಪು ರಟ್ಟಿನ ಮೇಲೆ ಬಲಗಡೆ ನಿಲ್ಲಿಸಿದರು.

“ಬಾಲ ಇಲ್ಲಿದೆ ನೋಡಪ್ಪ. ಒಂದು ಹಲಗೆ ನೆಟ್ಟಗಿದೆ. ಇನ್ನೊಂದು ಮುರಿದು ಕಳ್ಳಿಬೇಲಿ ಮೇಲೆ ಬಿದ್ದಿದೆ.”

ಹಿಂಬದಿಯ ಮೊಳೆ ಕಿತ್ತು ರಟ್ಟು ಸರಿಸಿದೆ. ಅದರಡಿ ಮುಚ್ಚಿಹೋಗಿದ್ದ ಅಂಚಿನಲ್ಲಿ ಎಲ್ಲವೂ ಅವರು ಹೇಳಿದಂತೆಯೇ ಇತ್ತು. ಎರಡು ಹಲಗೆಯ ಮಾತನ್ನು ನನ್ನ ಬಾಯಿಂದಲೇ ಕೇಳಿದ್ದರು, ಸರಿ. ಆದರೆ ಕಳ್ಳಿಬೇಲಿ?

“ಬಾಂಬರೇ. ಅನುಮಾನವೇ ಬೇಡ” ಎಂದೆ. ರತ್ನಾ ಅತ್ತುಬಿಟ್ಟರು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. “ಹಾಗಾದ್ರೆ ಅಣ್ಣ ಹೋಗ್ಬಿಟ್ಟ ಅಂತಾಯ್ತು. ತಿಥಿ ಮಾಡ್ಸೋಣ ಅತ್ತಿಗೆ. ನೀವೂ ಇನ್ನು ಕುಂಕುಮ ಬಿಡ್ಬೇಕಾಗುತ್ತೆ.”

“ಓಡಿಹೋದ ಅಂತ ಊರೆಲ್ಲ ಹೇಳ್ದೋನು ನೀನು” ಎಂದರು ತಾಯಿ. ದನಿ ಏರಲಿಲ್ಲ. “ಮೊದ್ಲು ಅಷ್ಟೂ ಮನೆಗೆ ಹೋಗಿ, ಓಡಿಹೋಗಿಲ್ಲ ಅಂತ ಹೇಳ್ಬಿಟ್ಟು ಬಾ. ಕುಂಕುಮದ ಮಾತು ಆಮೇಲೆ.”

ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಹೊರಟರು. ನಾನು ಮಾತ್ರ ತಡೆಯಲಾರದೆ, ಬೇಲಿ ಹೇಗೆ ಕಂಡಿತಮ್ಮ ಎಂದು ಕೇಳಿದೆ.

“ನಿಂಗೂ ಕಾಣಿಸ್ತಲ್ಲ, ಸಾಕು ಬಿಡಪ್ಪ.”

ಅವರಿಗೆ ಸಾಕಾಗಿತ್ತು. ನನಗೆ ಇವತ್ತಿಗೂ ಸಾಕಾಗಿಲ್ಲ.