ನಾನು ಕಾಲಿಟ್ಟರೆ ಕಂಪ್ಯೂಟರ್ ನಿಲ್ಲುತ್ತಿತ್ತು

ನಾನು ಮದುವೆಯಾಗಿ ಚಾಮರಾಜಪೇಟೆಗೆ ಬಂದ ವರ್ಷ ನಡೆದದ್ದಿದು. ಮಾವನವರಿಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿ. ನಾನು ಬಿ.ಕಾಂ. ಓದಿದ್ದರಿಂದ ಲೆಕ್ಕ ನೋಡಿಕೊಳ್ಳುವ ಕೆಲಸ ನನಗೇ ಎಂದು ನಿಶ್ಚಿತಾರ್ಥದ ದಿನವೇ ಮಾತಾಗಿತ್ತು. ಆಗೊಮ್ಮೆ ಅಂಗಡಿ ತೋರಿಸಲು ಕರೆದೊಯ್ದಾಗ ನನ್ನ ಫೋನಿಗೆ ಅಲ್ಲಿನ ವೈಫೈ ಕೂಡ ಹಾಕಿಕೊಟ್ಟಿದ್ದರು.

ಅಂಗಡಿಯ ಲೆಕ್ಕವೆಲ್ಲ ಒಳಕೋಣೆಯ ಸರ್ವರ್‌ನಲ್ಲಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದರ ಐಪಿ ಅಡ್ರೆಸ್, ಅಂದರೆ ವೈಫೈ ಒಂದೊಂದು ಯಂತ್ರಕ್ಕೂ ಕೊಡುವ ನಂಬರ್, ಬದಲಾಗಿ, ಬಿಲ್ ಹಾಕುವ ಕಂಪ್ಯೂಟರಿಗೆ ಅದು ಸಿಗುತ್ತಲೇ ಇರಲಿಲ್ಲ. ಮದುವೆಗೆ ಸ್ವಲ್ಪ ಮುಂಚೆ ಮೈದುನ ಪ್ರಮೋದ ಯಾವುದೋ ವಿಡಿಯೊ ನೋಡಿಕೊಂಡು ಆ ಅಡ್ರೆಸ್ಸನ್ನು ಖಾಯಂ ಮಾಡಿದ್ದ. ಎಲ್ಲ ಸರಿಹೋಗಿತ್ತು.

ನಾನು ಸೊಸೆಯಾಗಿ ಅಂಗಡಿಗೆ ಕಾಲಿಟ್ಟ ದಿನ ಬಿಲ್ಲಿಂಗ್ ನಿಂತಿತು. ನಾನು ಹೊರಟ ಮೇಲೆ ಸರಿಯಾಯಿತಂತೆ. ಮರುದಿನವೂ ಅದೇ ಕತೆ. ಆಮೇಲಾಮೇಲೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಗುಮಾಸ್ತ ಶಂಕರಪ್ಪನವರು ಕೈಯಲ್ಲಿ ಬರೆಯುವ ಬಿಲ್ ಪುಸ್ತಕ ಹೊರತೆಗೆಯತೊಡಗಿದರು.

ಒಂದು ದಿನ ಅಡುಗೆಮನೆಯಲ್ಲಿ ಅತ್ತೆಯವರು ಮಾವನವರಿಗೆ ಮೆಲ್ಲಗೆ ಹೇಳುವುದು ಕೇಳಿಸಿತು. “ಹುಡುಗಿ ಒಳ್ಳೇವ್ಳೇರೀ. ಕಾಲ್ಗುಣ ಯಾಕೋ ಅಂಗ್ಡಿಗೆ ಆಗಿಬರ್ತಿಲ್ಲ ಅನ್ಸತ್ತೆ. ಸ್ವಲ್ಪ ದಿನ ಮನೇಲೇ ಇರ್ಲಿ.” ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ದೀಪಾವಳಿಯ ಹಿಂದಿನ ವಾರ ಅಂಗಡಿಯಲ್ಲಿ ಜನ ಸಾಲದೆ ಮಾವ, “ಇವತ್ತೊಂದಿನ ಬಾಮ್ಮ, ಆಗಿದ್ದಾಗ್ಲಿ” ಎಂದರು. ಅವಸರದಲ್ಲಿ ಫೋನು ಮನೆಯಲ್ಲೇ ಬಿಟ್ಟುಹೋದೆ. ಅಂದು ಕಂಪ್ಯೂಟರ್ ನಿಲ್ಲಲೇ ಇಲ್ಲ. ಶಂಕರಪ್ಪನವರು ಸ್ಕ್ರೀನು ನೋಡಿದರು, ನನ್ನ ಕಾಲು ನೋಡಿದರು, ಪುಸ್ತಕ ಒಳಗಿಟ್ಟರು.

ಮಧ್ಯಾಹ್ನ ಅತ್ತೆ ಊಟದ ಕ್ಯಾರಿಯರ್ ಹಿಡಿದು ಬಂದರು. ಅವರು ಕೂತದ್ದೇ ತಡ, ಬಿಲ್ಲಿಂಗ್ ನಿಂತಿತು.

ಅಂಗಡಿಯಲ್ಲಿದ್ದವರೆಲ್ಲ ಈಗ ಅತ್ತೆಯ ಕಾಲು ನೋಡಿದರು. ಅತ್ತೆ ಕ್ಯಾರಿಯರ್ ಅಲ್ಲೇ ಇಟ್ಟು, ತಮ್ಮ ಬ್ಯಾಗು ತೆಗೆದುಕೊಂಡು ರಸ್ತೆಗಿಳಿದರು.

“ಈಗ ಬಂತಾ?”

“ಇಲ್ಲಮ್ಮ” ಎಂದರು ಶಂಕರಪ್ಪ.

ಅತ್ತೆ ರಸ್ತೆ ದಾಟಿ ಎದುರಿನ ಗೋಣಿಚೀಲದ ಅಂಗಡಿಯನ್ನೂ ದಾಟಿ ಬಿಸಿಲಲ್ಲಿ ನಿಂತರು. ಸ್ವಲ್ಪ ಹೊತ್ತಿಗೆ ಬಿಲ್ಲಿಂಗ್ ಶುರುವಾಯಿತು. ನಾನು ಕರೆಯಲು ಓಡಿದೆ.

“ಬೇಡ ಕಣೇ, ನಾನ್ ಒಳಗ್ ಬಂದ್ರೆ ವ್ಯಾಪಾರ ಕೆಡತ್ತೆ. ತಗೋ ನಿನ್ ಫೋನು, ಮನೇಲಿ ಮರ್ತು ಬಂದಿದ್ದೆ” ಎಂದು ಬ್ಯಾಗಿನಿಂದ ತೆಗೆದುಕೊಟ್ಟರು.

ಫೋನು ಹಿಡಿದು ನಾನು ಒಳಬಂದೆ. ಬಿಲ್ಲಿಂಗ್ ಮತ್ತೆ ನಿಂತಿತು.

ಕಂಪ್ಯೂಟರಿನ ಪಕ್ಕದಲ್ಲಿದ್ದ ಪ್ರಮೋದ ಕೈ ಚಾಚಿದ. “ಅತ್ತಿಗೆ, ಆ ಫೋನ್ ಕೊಡಿ ಇಲ್ಲಿ.” ಅದರಲ್ಲಿದ್ದ ವೈಫೈ ನಂಬರ್ ನೋಡಿ ತಲೆ ಚಚ್ಚಿಕೊಂಡ. “ನೀವು ಮೊದ್ಲು ಬಂದಾಗ ವೈಫೈ ನಿಮ್ ಫೋನ್‌ಗೆ ಕೊಟ್ಟಿದ್ದ ನಂಬರ್ನೇ ನಾನು ಸರ್ವರ್‌ಗೂ ಹಾಕ್ಬಿಟ್ಟಿದೀನಿ. ಎರಡು ಮನೆಗೆ ಒಂದೇ ಡೋರ್ ನಂಬರ್ ಕೊಟ್ಟಂಗಾಗಿದೆ.” ವೈಫೈ ಯಾರಿಗೂ ಹಂಚದ ಬೇರೆ ನಂಬರನ್ನು ಸರ್ವರಿಗೆ ಕೊಟ್ಟ. ಫೋನು ಅಲ್ಲೇ ಇದ್ದರೂ ಕೆಲಸ ಸರಾಗವಾಗಿ ಸಾಗಿತು.

ಅತ್ತೆಯನ್ನು ಕೈಹಿಡಿದು ಕರೆತಂದೆ. “ನಂದೇ ಕಾಲ್ಗುಣ ಅನ್ಕೊಂಡು ಜೀವ ಹೋದಂಗಾಗಿತ್ತು” ಎಂದರು. ಆಮೇಲೆ, “ಅವತ್ತು ನಾನಂದಿದ್ದು ನಿಂಗೆ ಕೇಳ್ಸಿತ್ತಾ?” ಎಂದು ಕೇಳಿದರು. ನಾನು ತಟ್ಟೆ ಹಾಕತೊಡಗಿದೆ. ಅವರು ಕ್ಯಾರಿಯರ್ ಬಿಚ್ಚಿ ಮಾವನವರಿಗಿಂತ ಮೊದಲು ನನಗೆ ಬಡಿಸಿದರು.

ಆ ಬಿಸಿಲಲ್ಲಿ ಒಬ್ಬರೇ ನಿಂತಿದ್ದ ಅವರ ಮುಖ ನೆನೆದರೆ ಇಂದಿಗೂ ನಗು ಬರುತ್ತದೆ, ಜೊತೆಗೇ ಪಾಪ ಅನ್ನಿಸುತ್ತದೆ. ಈಗ ಮನೆಯಲ್ಲಿ ಮಿಕ್ಸಿ ಕೆಟ್ಟರೂ ಅತ್ತೆ ಯಾರನ್ನೂ ದೂರುವುದಿಲ್ಲ. ಎಲ್ಲರ ಫೋನನ್ನೂ ವರಾಂಡದಲ್ಲಿ ಇಡಿಸಿ, ಆಮೇಲೆ ಸ್ವಿಚ್ ಹಾಕಿ ನೋಡುತ್ತಾರೆ.