ಅಮ್ಮಣಿಯಮ್ಮನ ಒಂದು ಸೇರು ಭತ್ತ

ಆರನೇ ತರಗತಿಯ ವಿಜ್ಞಾನದಲ್ಲಿ ಮಿಶ್ರಣಗಳನ್ನು ಬೇರ್ಪಡಿಸುವುದು ಎಂಬ ಪಾಠ ಬರುತ್ತದೆ. ಕಳೆದ ಜೂನ್‌ನಲ್ಲಿ ನಮ್ಮ ಶಾಲೆಯಲ್ಲಿ ಆ ಪಾಠ ಎರಡು ಸಲ ಆಯಿತು. ಮೊದಲ ಸಲ ಮಾಡಿದವಳು ನಾನು, ಶಹಲಾ ಟೀಚರ್, ಬಿ.ಎಡ್‌ನಲ್ಲಿ ಎಂಬತ್ತೆಂಟು ಪರ್ಸೆಂಟ್. ಎರಡನೆಯ ಸಲ ಮಾಡಿದವರು ಅಮ್ಮಣಿಯಮ್ಮ, ಮೂರನೇ ತರಗತಿಗೇ ಶಾಲೆ ಬಿಟ್ಟವರು. ಆಗ ನಾನು ಮಕ್ಕಳ ಜೊತೆ ನೆಲದ ಮೇಲೆ ಕುಳಿತಿದ್ದೆ.

ಅಮ್ಮಣಿಯಮ್ಮನ ಮನೆ ಮಡಂತ್ಯಾರಿನಿಂದ ಸ್ವಲ್ಪ ಒಳಗೆ, ನಮ್ಮ ಶಾಲೆಯ ಹಿಂದಿನ ಏರು ಹತ್ತಿದರೆ ಸಿಗುತ್ತದೆ. ವಯಸ್ಸು ಎಪ್ಪತ್ತರ ಹತ್ತಿರ. ತವರು ಮೂಡಬಿದಿರೆ ಕಡೆ. ಮದುವೆಯಾಗಿ ಬರುವಾಗ ಅವರ ತಾಯಿ ಒಂದು ಸೇರು ಬಿತ್ತನೆ ಭತ್ತವನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದರಂತೆ. ಆ ಜಾತಿಗೆ ಬೇರೆ ಹೆಸರಿತ್ತೋ ಏನೋ, ಇವರ ಮನೆಯಲ್ಲಿ ಎಲ್ಲರೂ ಅದನ್ನು ಕರೆಯುವುದು ‘ಅಪ್ಪೆನ ಬಾರ್’ ಎಂದು, ಅಂದರೆ ಅಮ್ಮನ ಭತ್ತ. ಪ್ರತಿ ಮಳೆಗಾಲ ಬಿತ್ತಿ, ಕೊಯ್ದು, ಮುಂದಿನ ವರ್ಷಕ್ಕೆ ಬೀಜ ತೆಗೆದಿಟ್ಟು, ಐವತ್ತು ವರ್ಷ ಒಂದು ಬೆಳೆಯೂ ತಪ್ಪದಂತೆ ಉಳಿಸಿಕೊಂಡು ಬಂದಿದ್ದರು. ಗಂಡ ಧರ್ಣಪ್ಪ ಎರಡು ಗದ್ದೆಗಳಿಗೆ ರಬ್ಬರ್ ಹಾಕಿದರು. ಮೂರನೆಯದಕ್ಕೂ ಗುಂಡಿ ತೋಡಲು ಹೊರಟಾಗ ಅಮ್ಮಣಿಯಮ್ಮ ಜಗಳ ಮಾಡಲಿಲ್ಲ, ಹದಿನೈದು ದಿನ ಉಪ್ಪಿನಕಾಯಿಯೂ ಇಲ್ಲದ ಗಂಜಿ ಬಡಿಸಿದರು. ಹದಿನಾರನೇ ದಿನ ಧರ್ಣಪ್ಪ ಗುದ್ದಲಿ ಒಳಗಿಟ್ಟರು.

ಆ ಅಕ್ಕಿಯನ್ನು ಅವರು ಮಾರುವುದಿಲ್ಲ. ಸುತ್ತಮುತ್ತ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಯ ಗಂಜಿಗೆಂದು ಎರಡು ಸೇರು ಹೋಗುತ್ತದೆ. ನೆರೆಮನೆಯ ಬೀಬಿಯವರ ಮೂವರು ಹೆಣ್ಣುಮಕ್ಕಳೂ ಆ ಗಂಜಿ ಕುಡಿದೇ ಎದ್ದವರು. ಆ ಜೂನ್‌ಗೆ ಹಿಂದಿನ ವರ್ಷ ಮಾತ್ರ ನವಿಲುಗಳು ಗದ್ದೆಗೆ ಇಳಿದು ತೆನೆಯನ್ನೆಲ್ಲ ತಿಂದು ಹಾಕಿದವು. ಗುಡಿಸಿ ಬಾಚಿದರೆ ಸಿಕ್ಕಿದ್ದು ಒಂದೇ ಸೇರು ಬೀಜ. ಬೇರೆ ಯಾರ ಮನೆಯಲ್ಲೂ ಅದು ಇರಲಿಲ್ಲ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನನ್ನ ಊರು ಕನ್ಯಾನ. ಉಪ್ಪ, ಅಂದರೆ ನನ್ನ ಅಪ್ಪ, ಸೌದಿಯ ದಮ್ಮಾಮಿನಲ್ಲಿ ಅಂಗಡಿ ಇಟ್ಟವರು. ನಮ್ಮ ಮನೆಗೆ ಅಕ್ಕಿ ಬರುವುದು ಚೀಲದಲ್ಲಿ, ಮತ್ತು ಭತ್ತವೆಂದರೆ ನನ್ನ ಪಾಲಿಗೆ ಸಿಪ್ಪೆ ಇರುವ ಅಕ್ಕಿ, ಅಷ್ಟೆ.

ಪಾಠಕ್ಕೆಂದು ಗುರುವಾಯನಕೆರೆಯ ಮಿಲ್ಲಿನಿಂದ ಎರಡು ಕಿಲೋ ಭತ್ತ ತಂದಿದ್ದೆ. ತಳಿಯ ಹೆಸರು ಎಂಒ ಫೋರ್ ಎಂದು ಮಿಲ್ಲಿನವರು ಹೇಳಿದಾಗ ಯಾವುದೋ ಮೊಬೈಲಿನ ಮಾಡೆಲ್ ಇರಬೇಕು ಎಂದು ನಗು ಬಂದಿತ್ತು. “ಮನೆಯಲ್ಲಿ ಭತ್ತ ಇದ್ದವರು ನೀವೂ ತನ್ನಿ” ಎಂದು ಮಕ್ಕಳಿಗೂ ಹೇಳಿದ್ದೆ. ಮೂವತ್ತೊಂದು ಮಕ್ಕಳಲ್ಲಿ ತಂದವಳು ಒಬ್ಬಳೇ, ಅಮ್ಮಣಿಯಮ್ಮನ ಮೊಮ್ಮಗಳು ಭವ್ಯಶ್ರೀ. ಅಜ್ಜಿ ಹಟ್ಟಿಯಲ್ಲಿ ದನದ ಕೆಲಸದಲ್ಲಿದ್ದಾಗ ಸ್ಟೀಲ್ ಡಬ್ಬಿಯಿಂದ ಇದ್ದಷ್ಟನ್ನೂ ಚೀಲಕ್ಕೆ ಸುರಿದು ತಂದಿದ್ದಳು. ನಾನು ಅವಳಿಗೆ ಚಪ್ಪಾಳೆ ಹೊಡೆಸಿದೆ. ಆಮೇಲೆ ಎರಡೂ ಭತ್ತವನ್ನು ದೊಡ್ಡ ಟಬ್ಬಿಗೆ ಸುರಿದು, ಮರಳು, ಉಪ್ಪು, ಮರದ ಹೊಟ್ಟು, ಕಬ್ಬಿಣದ ಪುಡಿ ಹಾಕಿ, ತೋಳು ಮಡಚಿ ಚೆನ್ನಾಗಿ ಕಲಸಿದೆ. ಅಯಸ್ಕಾಂತ ಹಿಡಿದು ಕಬ್ಬಿಣ ತೆಗೆದು ತೋರಿಸಿ, ಟಬ್ಬಿಗೆ ನೀರು ಹೊಯ್ದೆ.

ಅಷ್ಟರಲ್ಲಿ ಅಮ್ಮಣಿಯಮ್ಮ ಬಾಗಿಲಲ್ಲಿ ನಿಂತಿದ್ದರು. ಅವತ್ತು ಬೀಜ ನೆನೆಹಾಕಲೆಂದು ಡಬ್ಬಿ ತೆರೆದಿದ್ದರಂತೆ. ಏರಿನಿಂದ ಓಡಿ ಬಂದ ಉಸಿರು ಇನ್ನೂ ಇಳಿದಿರಲಿಲ್ಲ.

“ಭವ್ಯಾ, ಭತ್ತ ಎಲ್ಲಿ ಮಗಾ?”

ಭವ್ಯಶ್ರೀ ಟಬ್ಬು ತೋರಿಸಿದಳು. ಅಮ್ಮಣಿಯಮ್ಮ ಒಂದು ಕಾಳು ತೆಗೆದು ಬಾಯಿಗೆ ಹಾಕಿದರು. “ಉಪ್ಪು” ಎಂದವರೇ ಅಲ್ಲಿಯೇ ಕುಸಿದು ಕುಳಿತರು. ಅವರ ಬಾಯಿಂದ ಒಂದೊಂದೇ ಮಾತಾಗಿ ವಿಷಯ ತಿಳಿಯಿತು. ಒಬ್ಬ ಹೆಂಗಸಿನ ಐವತ್ತು ವರ್ಷವನ್ನು ನಾನು ಮರದ ಹೊಟ್ಟಿನ ಜೊತೆ ಕಲಸಿಬಿಟ್ಟಿದ್ದೆ. ಮಕ್ಕಳ ಎದುರೇ ಅಳು ಬಂತು.

“ಅಳುವುದು ಬೇಡ ಟೀಚರ್, ನೀರು ತರಿಸಿ. ಉಪ್ಪು ಒಳಗೆ ಹೋದ್ರೆ ಮೊಳಕೆ ಬರುವುದಿಲ್ಲ. ಬೇಗ, ಬೇಗ” ಎಂದು ಅವರೇ ಎದ್ದರು.

ಮಕ್ಕಳು ಬಾವಿಯಿಂದ ಸಾಲಾಗಿ ಕೊಡ ಸಾಗಿಸಿದರು. ಮೇಲೆ ತೇಲಿದ ಹೊಟ್ಟನ್ನೂ ಜೊಳ್ಳನ್ನೂ ಅಮ್ಮಣಿಯಮ್ಮ ಬಾಚಿ ಎಸೆದರು. ಪಾತ್ರೆಯನ್ನು ಓರೆ ಹಿಡಿದು, ಅಕ್ಕಿ ಜಾಲಿಸುವ ಹಾಗೆ ನೀರನ್ನು ತಿರುಗಿಸುತ್ತಾ ಭತ್ತವನ್ನಷ್ಟೇ ಇನ್ನೊಂದು ಪಾತ್ರೆಗೆ ದಾಟಿಸಿದರು. ಮರಳು ತಳದಲ್ಲೇ ಉಳಿಯಿತು. ಏಳು ನೀರು ತೊಳೆದ ಮೇಲೆ ಮತ್ತೊಂದು ಕಾಳು ಕಚ್ಚಿ ನೋಡಿ, ನನ್ನ ಬಾಯಿಗೂ ಒಂದು ಹಾಕಿದರು. ಉಪ್ಪಿರಲಿಲ್ಲ. ಸಭಾಂಗಣದಲ್ಲಿ ಚಾಪೆ ಹಾಸಿ, ಎಲ್ಲ ಫ್ಯಾನ್ ತಿರುಗಿಸಿ ಹರಡಿದೆವು.

ಆದರೆ ನಿಜವಾದ ಕಷ್ಟ ಇನ್ನೂ ಹಾಗೆಯೇ ಇತ್ತು. ಎರಡು ಜಾತಿಯ ಭತ್ತ. ಎರಡೂ ನೀರಿನಲ್ಲಿ ಮುಳುಗುತ್ತವೆ, ಯಾವುದೂ ಕರಗುವುದಿಲ್ಲ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ನನ್ನ ಪುಸ್ತಕದಲ್ಲಿದ್ದದ್ದೆಲ್ಲ ಮುಗಿದಿತ್ತು.

ಮರುದಿನ ಶನಿವಾರ. ಅಮ್ಮಣಿಯಮ್ಮ ತಡ್ಪೆ ಹಿಡಿದುಕೊಂಡು ಬಂದರು, ಕೇರುವ ಮೊರಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಒಣಗಿದ ಭತ್ತವನ್ನು ಅದರಲ್ಲಿ ಹಾಕಿ, ಕೇರದೆ, ಸುಮ್ಮನೆ ಓರೆ ಮಾಡಿ ಬೆರಳಿನಿಂದ ತಟ್ಟತೊಡಗಿದರು. ಮಿಲ್ಲಿನ ದಪ್ಪ ಕಾಳು ನಿಧಾನಕ್ಕೆ ಕೆಳಗೆ ಜಾರಿತು, ಸಣ್ಣದು ಹಿಂದೆ ನಿಂತಿತು. ಹಾಗೂ ಮೂರನೇ ಒಂದು ಪಾಲು ಬೆರಕೆ ಉಳಿಯಿತು.

“ಇನ್ನು ಇದಕ್ಕೆ ಉಪಾಯ ಉಂಟಾ ಅಮ್ಮ?” ಎಂದು ಕೇಳಿದೆ.

“ಉಂಟಲ್ಲ, ಕೈ ಉಂಟು. ನಮ್ಮದರ ತುದಿಯಲ್ಲಿ ಕಪ್ಪು ಚುಕ್ಕೆ ಇರ್ತದೆ. ನನಗೆ ಪೊರೆ ಬಂದು ಕಾಣುವುದಿಲ್ಲ, ಮಕ್ಕಳಿಗೆ ಕಾಣ್ತದೆ. ಬನ್ನಿ ಮಕ್ಕಳೇ, ಆರಿಸುವ.”

ಕೈಯಿಂದ ಆರಿಸುವುದು ಆ ಪಾಠದ ಮೊದಲನೆಯ ವಿಧಾನ. ಮಕ್ಕಳಿಗೆ ಅದನ್ನು ಒಂದೇ ನಿಮಿಷದಲ್ಲಿ ಮುಗಿಸಿದ್ದೆ, ಅದರಲ್ಲಿ ಕಲಿಸುವುದಕ್ಕೆ ಏನಿದೆ ಎಂದು. ಅವತ್ತು ಅದಕ್ಕೆ ಮೂರೂವರೆ ಗಂಟೆ ಬೇಕಾಯಿತು. ಮೂವತ್ತೊಂದು ಮಕ್ಕಳು, ಒಬ್ಬೊಬ್ಬರ ಮುಂದೆ ಒಂದು ಬಟ್ಟಲು. ಶಾಲೆ ಬಿಡುವ ಗಂಟೆ ಹೊಡೆದರೂ ಒಬ್ಬನೂ ಏಳಲಿಲ್ಲ. ಧರ್ಣಪ್ಪಜ್ಜ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕುಳಿತಿದ್ದರು. “ಇಲ್ಲದಿದ್ರೆ ಪುನಃ ಗಂಜಿಯೇ ಗತಿ ಮಾರಾಯ್ತಿ” ಎಂದು ನನಗೆ ಹೇಳಿ ಮಕ್ಕಳನ್ನು ನಗಿಸಿದರು. ಅಮ್ಮಣಿಯಮ್ಮ ಕಣ್ಣು ಮುಚ್ಚಿ, ಕಾಳನ್ನು ಎರಡು ಬೆರಳ ನಡುವೆ ಉರುಳಿಸಿಯೇ ಆರಿಸುತ್ತಿದ್ದರು. ಮಕ್ಕಳು ಪರೀಕ್ಷಿಸಿ ನೋಡಿದರು, ಒಂದೂ ತಪ್ಪಿರಲಿಲ್ಲ.

ಮುಕ್ಕಾಲು ಸೇರು ಸಿಕ್ಕಿತು. ಆದರೆ ಉಪ್ಪು ತಿಂದ ಬೀಜ ಮೊಳೆಯಬೇಕಲ್ಲ? ಅಮ್ಮಣಿಯಮ್ಮ ಅದನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಇಟ್ಟರು. ಆ ಮೂರು ದಿನ ನಾನು ಐದು ಹೊತ್ತಿನ ನಮಾಝಿನಲ್ಲೂ ಭತ್ತದ ವಿಷಯವನ್ನೇ ಬೇಡಿದೆ. ಮಂಗಳವಾರ ಬೆಳಿಗ್ಗೆ ಭವ್ಯಶ್ರೀ ಗೇಟಿನಿಂದಲೇ ಕೂಗಿದಳು, “ಟೀಚರ್, ಬಂದಿದೆ!” ನಾನು ಚಪ್ಪಲಿ ಹಾಕದೆ ಓಡಿದೆ.

ಬೆಳೆ ಎದ್ದು ನಿಂತ ಮೇಲೆ ಗದ್ದೆಯಲ್ಲಿ ಎಂಒ ಫೋರಿನ ಕೆಲವು ಬುಡಗಳು ಕಾಣಿಸಿಕೊಂಡವು. ಮಕ್ಕಳು ಹೋಗಿ ಅವನ್ನೂ ಕಿತ್ತು ಬಂದರು. ಈ ಸಲ ನವಿಲು ಇಳಿಯದಂತೆ ಗದ್ದೆ ಕಾಯಲು ಸರದಿ ಇತ್ತು, ಅದರಲ್ಲಿ ನನ್ನದೂ ಒಂದು.

ಕೊಯ್ಲು ಮುಗಿದ ಮೇಲೆ ಅಮ್ಮಣಿಯಮ್ಮ ಶಾಲೆಗೆ ಬಂದರು. ಬೈಗುಳ ಬಾಕಿ ಉಳಿದಿರಬಹುದು ಎಂದು ನನಗೆ ಅಳುಕಿತ್ತು. ಅವರು ಸೆರಗಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಒಳಗೆ ಒಂದು ಸೇರು ಭತ್ತ.

“ಐವತ್ತು ವರ್ಷ ಒಬ್ಬಳೇ ಇಟ್ಟುಕೊಂಡೆ ಟೀಚರ್, ತಪ್ಪು ನನ್ನದೂ ಉಂಟು. ಎರಡು ಮನೆಯಲ್ಲಿ ಇದ್ದಿದ್ರೆ ಆವತ್ತು ನಾನು ಅಷ್ಟು ಹೆದರುತ್ತಿರಲಿಲ್ಲ. ಇದು ನಿಮಗೆ.”

“ನಮಗೆ ಗದ್ದೆಯೇ ಇಲ್ಲ ಅಮ್ಮ. ಮತ್ತೆ, ಹಾಳು ಮಾಡಿದ್ದೇ ನಾನಲ್ಲವಾ?”

“ಅದಕ್ಕೇ ಕೊಡುವುದು. ನೀವು ಇನ್ನು ಯಾವತ್ತೂ ಇದನ್ನು ಯಾವುದರ ಜೊತೆಗೂ ಬೆರೆಸ್ಲಿಕ್ಕಿಲ್ಲ.”

ಕನ್ಯಾನದಲ್ಲಿ ನಮ್ಮ ಮನೆಯ ಹಿಂದೆ ಉಪ್ಪ ಕಾರು ನಿಲ್ಲಿಸಲು ಸಮತಟ್ಟು ಮಾಡಿಸಿದ ಜಾಗವಿದೆ. ಬರುವ ಮಳೆಗಾಲ ಅಲ್ಲಿ ಕಾರು ನಿಲ್ಲುವುದಿಲ್ಲ ಎಂದು ಆ ಸಂಜೆಯೇ ದಮ್ಮಾಮಿಗೆ ಫೋನ್ ಮಾಡಿ ಹೇಳಿದೆ.